ಹುಲಿಯ ತುತ್ತೂರಿ, ಹಸುವಿನ ಪಿಟೀಲು

ಕಳೆದ ಸಲ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಗೋವಿನ ಹಾಡನ್ನು ಗೀತರೂಪಕವಾಗಿ ಆಡಿಸಬೇಕೆಂದು ತೀರ್ಮಾನವಾದಾಗ ಹಿನ್ನೆಲೆ ಸಂಗೀತದ ಹೊಣೆಯನ್ನು ಯಾರೂ ನನ್ನ ಮೇಲೆ ಹೊರಿಸಲಿಲ್ಲ. ನಾನೇ ಕೈಯೆತ್ತಿ ಹೊತ್ತುಕೊಂಡೆ. ಚಿಕ್ಕಂದಿನಲ್ಲಿ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿದವಳೆಂಬ ಹಮ್ಮು ಒಂದು ಕಡೆ. ಈಗ ಕಂಪ್ಯೂಟರಿನೊಳಗೇ ಇಡೀ ವಾದ್ಯವೃಂದ ಕೂತಿರುತ್ತದಂತೆ, ಬಿಡಿಕಾಸು ಖರ್ಚಿಲ್ಲದೆ ಮುಗಿಯುತ್ತದಂತೆ ಎಂಬ ಸಂಸಾರಸ್ಥೆಯ ಲೆಕ್ಕಾಚಾರ ಇನ್ನೊಂದು ಕಡೆ. ನಾಲ್ಕು ತಿಂಗಳಲ್ಲಿ ಆ ಹಮ್ಮಿಗೂ ಲೆಕ್ಕಾಚಾರಕ್ಕೂ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಯಾವ ತಂತ್ರಾಂಶ ಆರಿಸಿದೆ, ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ ಎಂಬುದನ್ನು ಬರೆಯಬೇಕು. ಈ ವಿಷಯದಲ್ಲಿ ನಾನು ಓದಿದ್ದೆಲ್ಲ ಗಂಡಸರು ಬರೆದದ್ದು. ಅವರ ಮನೆಗಳಲ್ಲಿ ಕುಕ್ಕರ್ ಕೂಗುವುದಿಲ್ಲವೆಂದು ಕಾಣುತ್ತದೆ.

ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಸಂಗೀತ ಕೂಡಿಸುವ ನನ್ನ ತಮ್ಮನ ಮಗನಿಗೆ ಫೋನು ಮಾಡಿದೆ. "ಅತ್ತೆ, ಮೊದಲು ಬಜೆಟ್ ಹೇಳಿ" ಎಂದ. "ಸೊನ್ನೆ ಕಣೋ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಅವನು ತಾಳ್ಮೆಯಿಂದ ಹೇಳಿದ್ದರ ಸಾರ ಇಷ್ಟು: ನೀವು ಒಂದು ವಸ್ತುವನ್ನು ಆರಿಸಲು ಹೊರಟಿಲ್ಲ, ಎರಡನ್ನು. ಸ್ವರವನ್ನು ಬರೆದುಕೊಳ್ಳುವ ತಂತ್ರಾಂಶ ಒಂದು, ಆ ಬರಹಕ್ಕೆ ದನಿ ಕೊಡುವ ನಾದದ ಸಂಗ್ರಹ ಇನ್ನೊಂದು. ಇದು ನನ್ನ ತಲೆಗೆ ಹೋಗಲು ಒಂದು ವಾರ ಹಿಡಿಯಿತು. ಕೊನೆಗೆ ದಿನಸಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿಯೊಂದಿದೆ. ಇಂದಿಗೂ ಎಲ್ಲ ಕೀಬೋರ್ಡು, ಕಂಪ್ಯೂಟರುಗಳು ಮಾತಾಡಿಕೊಳ್ಳುವುದು ಅದರಲ್ಲೇ. ಅದರಲ್ಲಿ ನಾದವೆಂಬುದು ಚೂರೂ ಇಲ್ಲ. ಯಾವ ಸ್ವರ, ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು, ಸೊನ್ನೆಯಿಂದ 127ರವರೆಗೆ ಎಷ್ಟು ಬಲದಲ್ಲಿ, ಇಷ್ಟೇ. ಅದು ದಿನಸಿ ಚೀಟಿ. ಅಕ್ಕಿ ಬೇಳೆ ಬೇರೆ ಕಡೆಯಿಂದ ಬರಬೇಕು.

ಚೀಟಿ ಬರೆಯುವ ತಂತ್ರಾಂಶಗಳನ್ನು ಮೊದಲು ನೋಡೋಣ. 1988ರಿಂದ ಇದ್ದ ಫಿನಾಲೆಯನ್ನು ಅದರ ಕಂಪನಿ 2024ರ ಆಗಸ್ಟಿನಲ್ಲಿ ಇನ್ನು ಬೆಳೆಸುವುದಿಲ್ಲವೆಂದು ಸಾರಿ ಕೈಬಿಟ್ಟಿತು. ಮೂವತ್ತೈದು ವರ್ಷ ಅದರಲ್ಲೇ ಬರೆದಿಟ್ಟವರ ಪಾಡು ನಮಗೆ ಚೆನ್ನಾಗಿ ಗೊತ್ತು. ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಬಂದ ಮೇಲೆ ಇರುವೆ ಸಾಲಿನಂತೆ ಕಂಡದ್ದನ್ನು ಯಾವ ಕನ್ನಡ ಮೇಡಮ್ಮೂ ಮರೆತಿರಲಾರಳು. ಆದ್ದರಿಂದ ನನ್ನ ಮೊದಲ ಸಲಹೆ: ಯಾವುದನ್ನೇ ಆರಿಸಿ, ಬರೆದದ್ದನ್ನು ಮ್ಯೂಸಿಕ್ ಎಕ್ಸ್‌ಎಂಎಲ್ ಎಂಬ ಎಲ್ಲರೂ ಓದಬಲ್ಲ ರೂಪದಲ್ಲೂ ಒಂದು ಪ್ರತಿ ಉಳಿಸಿಕೊಳ್ಳಿ. ಸಿಬೇಲಿಯಸ್ ಎಂಬುದನ್ನು ಇಂಗ್ಲೆಂಡಿನ ಅವಳಿ ಸಹೋದರರು ಮಾಡಿ 1993ರಲ್ಲಿ ಹೊರತಂದರು. ಅದನ್ನು ಕೊಂಡ ಕಂಪನಿ 2012ರಲ್ಲಿ ಲಂಡನ್ನಿನ ಕಚೇರಿಯನ್ನು ಮುಚ್ಚಿದಾಗ, ಅಲ್ಲಿ ಕೆಲಸ ಮಾಡುತ್ತಿದ್ದವರು ಇನ್ನೊಂದು ಕಂಪನಿ ಸೇರಿ ಡೊರಿಕೊ ಎಂಬ ಹೊಸದನ್ನೇ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದರು. ಮನೆಯಿಂದ ಹೊರಹಾಕಿಸಿಕೊಂಡವರು ಪಕ್ಕದಲ್ಲೇ ಒಳ್ಳೆಯ ಮನೆ ಕಟ್ಟಿದ ಕತೆ ನನಗೆ ಬಹಳ ಹಿಡಿಸಿತು. ಆದರೆ ಕತೆ ಹಿಡಿಸಿತೆಂದು ದುಡ್ಡು ಹುಟ್ಟುವುದಿಲ್ಲ. ಡೊರಿಕೊದ ಪುಕ್ಕಟೆ ಆವೃತ್ತಿಯಲ್ಲಿ ವಾದ್ಯಗಳ ಸಂಖ್ಯೆಗೆ ಮಿತಿ ಇದೆ.

ನಾನು ಆರಿಸಿದ್ದು ಮ್ಯೂಸ್‌ಸ್ಕೋರ್. ಪೂರ್ತಿ ಉಚಿತ, ಅದರ ಒಳಗುಟ್ಟು ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. 2022ರ ಡಿಸೆಂಬರಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯ ಜೊತೆಗೆ ಮ್ಯೂಸ್ ಸೌಂಡ್ಸ್ ಎಂಬ ವಾದ್ಯವೃಂದದ ನಾದಗಳೂ ಬಿಟ್ಟಿ ಸಿಗುತ್ತವೆ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಕಲಿಯದೆ ಗತಿಯಿಲ್ಲ. ಸರಿಗಮ ಬರೆದು ಬಂದ ಕೈಗೆ ಅದೇನೂ ಕಷ್ಟವಲ್ಲ, ಮಗ್ಗಿ ಬಾಯಿಪಾಠ ಮಾಡಿದಷ್ಟೇ. ದೋಷವೆಂದರೆ ಇದರಲ್ಲಿ ಹೊರಗಿನ ದನಿಯನ್ನು ಧ್ವನಿಮುದ್ರಿಸಲಾಗುವುದಿಲ್ಲ. ಹಾಡುವ ಹುಡುಗಿಯ ಕಂಠ ಸೇರಿಸಬೇಕಾದರೆ ಇನ್ನೊಂದು ತಂತ್ರಾಂಶ ಬೇಕು. ಅದಕ್ಕೆ ರೀಪರ್ ತೆಗೆದುಕೊಂಡೆ. ಅರುವತ್ತು ದಿನ ಪರೀಕ್ಷಿಸಿ ನೋಡಬಹುದು, ಆಮೇಲೆ ಮನೆಮಟ್ಟಿಗೆ ಬಳಸುವವರು ಅರುವತ್ತು ಡಾಲರು ಕಟ್ಟಬೇಕು. ಸೊನ್ನೆಯ ಬಜೆಟ್ಟಿಗೆ ಅಲ್ಲಿ ಮೊದಲ ತೂತು ಬಿತ್ತು. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಡಬ್ಬಿಯನ್ನೂ ಒಂದು ಮೈಕನ್ನೂ ತಮ್ಮನ ಮಗ ತನ್ನ ಹಳೆಯದನ್ನು ಕಳಿಸಿಕೊಟ್ಟ. ಸ್ಟುಡಿಯೊ ಎಂದರೆ ನಮ್ಮ ಮನೆಯ ಬೀರುವಿನ ಕೋಣೆ. ಮಡಿಸಿಟ್ಟ ಹಾಸಿಗೆ, ರಗ್ಗು, ಹ್ಯಾಂಗರಿನ ಸೀರೆಗಳು ದನಿ ಗೋಡೆಗೆ ಬಡಿದು ಮರಳದಂತೆ ಹೀರಿಕೊಳ್ಳುತ್ತವೆ. ಇದಕ್ಕೆಂದೇ ಜನ ದುಬಾರಿ ಸ್ಪಂಜು ಕೊಳ್ಳುತ್ತಾರಂತೆ.

ಇನ್ನು ಅಕ್ಕಿ ಬೇಳೆಯ ವಿಷಯ. ಇಲ್ಲಿಯೇ ನಾನು ಮೋಸ ಹೋದದ್ದು. ಯಾರೂ ಮೋಸ ಮಾಡಲಿಲ್ಲ, ನನ್ನ ಕಿವಿಯೇ ಮಾಡಿತು.

ನಿಜವಾದ ವಾದ್ಯದ ದನಿಯನ್ನು ಯಂತ್ರದಲ್ಲಿ ತುಂಬಿಡುವ ಆಸೆ ಹಳೆಯದು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತಿತ್ತು. ಕೀಲಿ ಒತ್ತಿದರೆ ಪಿಟೀಲೋ ಕೊಳಲೋ ಸುಮಾರು ಎಂಟು ಸೆಕೆಂಡು ನುಡಿದು ಟೇಪು ಮುಗಿಯುತ್ತಿತ್ತು. ಈಗಿನವು ಅದರ ಮರಿಮಕ್ಕಳು. ಒಂದೊಂದು ವಾದ್ಯದ ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಮೀಟಿ, ಎಳೆದು, ಕಡಿದು, ಸಾವಿರಾರು ಸಲ ನುಡಿಸಿ ಮುದ್ರಿಸಿ ಜೋಡಿಸಿಡುತ್ತಾರೆ. ಸ್ಯಾಂಪಲ್ ಲೈಬ್ರರಿ ಎನ್ನುತ್ತಾರೆ. ನನ್ನ ಬಾಯಿಗೆ ಅದು ನಾದದ ಕಣಜ. ಸ್ಪಿಟ್‌ಫೈರ್ ಎಂಬ ಕಂಪನಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದವರನ್ನು ಲಂಡನ್ನಿನ ಮೇಡಾ ವೇಲ್ ಸ್ಟುಡಿಯೊದಲ್ಲಿ ನುಡಿಸಿ 2019ರಲ್ಲಿ ಅಂಥದೊಂದು ದೊಡ್ಡ ಕಣಜ ತಂದಿತು. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಹಿಡಿಸುವ ಮಾತಲ್ಲ. ಮರುವರ್ಷ ಅದರದೇ ಡಿಸ್ಕವರ್ ಎಂಬ ಚಿಕ್ಕ ಮರಿಯನ್ನು ಬಿಟ್ಟರು. ಮೂವತ್ತಮೂರು ವಾದ್ಯ, ಗಾತ್ರ ಒಂದು ಸಿನಿಮಾದಷ್ಟೂ ಇಲ್ಲ. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಕೊಂಡ ನನ್ನ ಎಂಟು ಜಿಬಿಯ ಯಂತ್ರ ಅದನ್ನು ಏದುಸಿರು ಬಿಡದೆ ನಡೆಸಿತು.

ಹಾಕಿಕೊಂಡ ಮೊದಲ ರಾತ್ರಿಯೇ ಅರ್ಭುತನ ಪ್ರವೇಶ ಬರೆದೆ. ಕೆಳಗೆ ಚೆಲ್ಲೊ ಮತ್ತು ಬಾಸುಗಳ ಗುರುಗುಟ್ಟುವಿಕೆ, ಮೇಲೆ ಟ್ರಾಂಬೋನು, ಹಾರ್ನು, ಕೊನೆಗೆ ಟಿಂಪನಿಯ ಗುಡುಗು. ಹೆಡ್‌ಫೋನಿನಲ್ಲಿ ಕೇಳಿದಾಗ ನನ್ನ ರೋಮ ನಿಂತಿತು. ಹುಲಿ ಬಂದೇಬಿಟ್ಟಿತ್ತು! ನಮ್ಮ ಮನೆಯವರನ್ನು ಎಬ್ಬಿಸಿ ಕೇಳಿಸಿದೆ. "ಇಷ್ಟು ಹೊತ್ತಿನಲ್ಲಿ ಹುಲಿ ಯಾಕೆ" ಎಂದು ಅವರು ಮಗ್ಗುಲು ಬದಲಿಸಿದರು. ಕಾಳಿಂಗ ಹಸುಗಳನ್ನು ಕರೆಯುವ ಬೆಳಗಿನ ಹಾಡನ್ನು ಮೋಹನದಲ್ಲಿ ಮಾಡಿದ್ದೆ. ಕೊಳಲು, ಹಾರ್ಪು ಸೇರಿ ಅದೂ ಚೆನ್ನಾಗಿಯೇ ಕೂತಿತು. ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಕೀಬೋರ್ಡಿನ ಗಾಂಧಾರ ಸುಮಾರು 14 ಸೆಂಟು ಮೇಲಿರುತ್ತದೆ. ಅರ್ಧ ಸ್ವರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಹದಿನಾಲ್ಕು. ತಂಬೂರಿ ಜೊತೆಗಿಟ್ಟರೆ ಹಲ್ಲಿನ ಸಂದಿಯಲ್ಲಿ ಎಳೆ ಸಿಕ್ಕಿದ ಹಾಗಾಗುತ್ತದೆ. ತಂಬೂರಿ ತೆಗೆದುಬಿಟ್ಟೆ. ಮೋಹನ ಪಾಸಾಯಿತು.

ಆಮೇಲೆ ಬಂದಳು ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತಿನಂತೆ ಹಿಂದಿರುಗುವ ಮುನ್ನ ಕರುವಿಗೆ ಕೊನೆಯ ಸಲ ಹಾಲೂಡಿಸಿ ಬೀಳ್ಕೊಳ್ಳುವ ಭಾಗ. ಇದಕ್ಕೆ ನಾನು ಆನಂದಭೈರವಿಯಲ್ಲಿ ಧಾಟಿ ಹಾಕಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಾಡುವುದು, ನಡುನಡುವೆ ಪಿಟೀಲು ಉತ್ತರ ಕೊಡುವುದು. ಸ್ವರ ಬರೆದೆ, ಕೇಳಿದೆ. ಪಿಟೀಲಿನ ದನಿ ನಿಜ, ನುಡಿಸಿದವರು ನಿಪುಣರು, ಒಂದೊಂದು ಸ್ವರವೂ ಮುತ್ತು. ಆದರೆ ಅಲ್ಲಿ ಆನಂದಭೈರವಿ ಇರಲಿಲ್ಲ. ಆ ರಾಗದ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವಲ್ಲ. ಮಧ್ಯಮವನ್ನು ಮುಟ್ಟಿ ಮುಟ್ಟಿ ಇಳಿಯುವ ಒಂದು ಓಲಾಟ. ಐದು ಗೆರೆಯ ಮೇಲೆ ನಾನಿಟ್ಟ ಚುಕ್ಕೆ ಆ ಓಲಾಟದ ಒಂದು ಕ್ಷಣ ಮಾತ್ರ. ಹಾರುವ ಹಕ್ಕಿಯ ಫೋಟೋ ತೆಗೆದು ಗೋಡೆಗೆ ಅಂಟಿಸಿದ ಹಾಗೆ.

ಸ್ವರವನ್ನು ಬಾಗಿಸುವ ಉಪಾಯ ಮಿಡಿಯಲ್ಲೂ ಇದೆ, ಪಿಚ್ ಬೆಂಡ್ ಎನ್ನುತ್ತಾರೆ. ರೀಪರಿನಲ್ಲಿ ಇಲಿಯನ್ನು ಹಿಡಿದು ಗೆರೆ ಎಳೆದು ಎಳೆದು ನಾಲ್ಕು ಸೆಕೆಂಡಿನ ಒಂದು ಸಂಚಾರಕ್ಕೆ ಮೂರು ಸಂಜೆ ಕಳೆದೆ. ಹುಳಿ ಸೀದದ್ದೂ ಆ ಸಂಜೆಗಳಲ್ಲೇ. ಬಂದ ಫಲವೆಂದರೆ ಚಾಲೂ ಆಗದ ಸ್ಕೂಟರಿನ ನರಳಾಟ. ಕಾರಣ ಯೋಚಿಸಿದಾಗ ಹೊಳೆಯಿತು. ನಿಜವಾದ ಪಿಟೀಲಿನಲ್ಲಿ ಬೆರಳು ಜಾರುತ್ತದೆ, ತಂತಿಯ ಸ್ವರ ಬದಲಾಗುತ್ತದೆ, ಆದರೆ ಮರದ ಒಡಲು ಹಾಗೇ ಇದ್ದು ತನ್ನ ಅನುರಣನ ಕೊಡುತ್ತದೆ. ಮುದ್ರಿಸಿದ ದನಿಯನ್ನು ಬಾಗಿಸಿದಾಗ ಸ್ವರದ ಜೊತೆಗೆ ಆ ಒಡಲೂ, ನುಡಿಸಿದವನ ಕೈನಡುಕವೂ ಎಲ್ಲ ಸೇರಿ ಬಾಗುತ್ತದೆ. ಮನೆಯೇ ಕದಲಿದರೆ ಒಳಗೆ ನಡೆಯುವವರ ನಡಿಗೆ ಹೇಗೆ ತಿಳಿಯಬೇಕು?

ಸ್ವರ ಸ್ವರಗಳ ನಡುವಿನ ದಾರಿಯೇ ಸಂಗೀತವೆಂಬುದು ಪಶ್ಚಿಮದವರಿಗೆ ಗೊತ್ತಿಲ್ಲದ್ದೇನಲ್ಲ. 2000ದಲ್ಲಿ ಶುರುವಾದ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯನ್ನು ಕಟ್ಟಿದಾತ ಸ್ವತಃ ಚೆಲ್ಲೊ ವಾದಕ. ಬಿಡಿಸ್ವರ ಮುದ್ರಿಸಿದರೆ ಸಾಲದೆಂದು ಅವರು ಈ ಸ್ವರದಿಂದ ಆ ಸ್ವರಕ್ಕೆ ಹೋಗುವ ಹೆಜ್ಜೆಗಳನ್ನೂ ಒಂದೊಂದಾಗಿ ಮುದ್ರಿಸಿದರು. ಅಲ್ಲಿಂದೀಚೆಗೆ ಒಳ್ಳೆಯ ಕಣಜಗಳೆಲ್ಲ ಇದನ್ನೇ ಮಾಡುತ್ತವೆ, ಲೆಗಾಟೊ ಎಂದರೆ ಅದೇ. ಕೊಳ್ಳುವವರು ಮೊದಲು ಕೇಳಬೇಕಾದದ್ದೂ ಅದನ್ನೇ. ಪಾಶ್ಚಾತ್ಯ ಧಾಟಿಯ ಒಂದು ಲಾಲಿಗೆ ಅದು ಧಾರಾಳವಾಗಿ ಸಾಕು, ಕಣ್ಣು ತುಂಬಿಬರುವಷ್ಟು ಚೆನ್ನಾಗಿರುತ್ತದೆ. ಆದರೆ ಅವರು ಮುದ್ರಿಸಿದ್ದು ಅವರ ದಾರಿಗಳನ್ನು; ಆನಂದಭೈರವಿಯ ಕಾಲುದಾರಿ ಆ ನಕ್ಷೆಯಲ್ಲಿ ಇಲ್ಲ. ತಪ್ಪೆಂದು ಹೇಳುತ್ತಿಲ್ಲ. ಇಡ್ಲಿ ತಟ್ಟೆಯಲ್ಲಿ ದೋಸೆ ಬರಲಿಲ್ಲವೆಂದು ತಟ್ಟೆಯನ್ನು ಬೈಯುವುದುಂಟೆ? ನನ್ನ ತಕರಾರು ಜಾಹೀರಾತುಗಳ ಮೇಲೆ. ನಾನು ಕೇಳಿದ ಮಾದರಿ ತುಣುಕುಗಳೆಲ್ಲ ಹುಲಿಗಳೇ. ಯುದ್ಧ, ಗುಡುಗು, ಕೋಟೆ ಕುಸಿತ, ಆಕಾಶನೌಕೆ. ಒಬ್ಬರೂ ಹಸುವನ್ನು ಕೇಳಿಸುವುದಿಲ್ಲ. ಹುಲಿಯನ್ನು ಕೇಳಿ ಕಣಜ ಕೊಂಡವಳು ಹಸುವಿನ ಸರದಿ ಬಂದಾಗ ಕೈಕೈ ಹಿಸುಕಿಕೊಳ್ಳುತ್ತಾಳೆ.

ಒಂಟಿ ಪಿಟೀಲಿನ ದನಿ ಬೇರೆಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದಾಗ ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದವರು ತಮ್ಮ ವಾದಕರ ಬಿಡಿಸ್ವರಗಳನ್ನು ಸಾವಿರಗಟ್ಟಲೆ ಮುದ್ರಿಸಿ ಉಚಿತವಾಗಿ ಕೊಟ್ಟಿರುವುದು ಕಣ್ಣಿಗೆ ಬಿತ್ತು. ಹೆಸರು ನೋಡಿ ಬೆರಳು ಅಲ್ಲೇ ನಿಂತಿತು. ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ ಹುಟ್ಟಿದ ಈ ವಾದ್ಯವೃಂದಕ್ಕೆ ಎಳವೆಯಲ್ಲಿ ಹಣ ಕೊಟ್ಟು ಕಾಪಾಡಿದವರಲ್ಲಿ ನಮ್ಮ ಜಯಚಾಮರಾಜ ಒಡೆಯರು ಮುಖ್ಯರು. ಅದರ ಕಚೇರಿಗಳನ್ನು ನಡೆಸುತ್ತಿದ್ದ ಸಂಸ್ಥೆಗೆ ಅವರೇ ಮೊದಲ ಅಧ್ಯಕ್ಷರು. ಮೆಡ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿಸಲು ದುಡ್ಡು ಕೊಟ್ಟವರೂ ಅವರೇ. ಆತ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾನೆ. ಪಿಯಾನೊ ಬಲ್ಲ ಆ ದೊರೆ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಎರಡೂ ಮನೆಗಳ ಬಾಗಿಲು ಗೊತ್ತಿದ್ದ ಮನುಷ್ಯ. ಅವರ ಹಣ ಉಂಡ ವಾದ್ಯವೃಂದದ ಸ್ವರಗಳು ಹಾಸನದ ಈ ಬೀರುವಿನ ಕೋಣೆಗೆ ಬಿಟ್ಟಿಯಾಗಿ ಬಂದು ಇಳಿದಾಗ ಹಳೆಯ ಸಾಲ ಬಡ್ಡಿ ಸಮೇತ ತೀರಿದಂತೆ ನನಗೊಂದು ಖುಷಿ. ಬಳಸಲು ಮಾತ್ರ ಸುಲಭವಲ್ಲ. ಒಂದೊಂದು ಸ್ವರ ಒಂದೊಂದು ಬೇರೆ ಫೈಲು. ಪೋಣಿಸುವುದೆಂದರೆ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಪೋಣಿಸಿದರೂ ನಡುವಿನ ದಾರಿ ಅಲ್ಲೂ ಇಲ್ಲ.

ಕೊನೆಗೆ ನಮ್ಮೂರ ಪಿಟೀಲು ಮೇಷ್ಟ್ರ ನೆನಪಾಯಿತು. ನೆನಪಾಯಿತೆಂದರೆ ಸುಳ್ಳು. ಮೊದಲ ದಿನದಿಂದ ನೆನಪಿತ್ತು, ಆ ಕಡೆ ಮುಖ ಮಾಡಲು ಸಂಕೋಚ. ಎಪ್ಪತ್ತು ದಾಟಿದ ಅವರು ಒಂದು ಕಾಲದಲ್ಲಿ ನಮ್ಮ ಶಾಲೆಯ ಎಲ್ಲ ಕಾರ್ಯಕ್ರಮಗಳಿಗೂ ನುಡಿಸುತ್ತಿದ್ದವರು. ಹಾರ್ಮೋನಿಯಂ, ತಬಲ, ಪಿಟೀಲು ಮೂವರಿಗೂ ಸೇರಿ ಮೂರು ಸಾವಿರ ಕೊಡುತ್ತಿದ್ದೆವು. ಹನ್ನೆರಡು ವರ್ಷದ ಹಿಂದೆ ಸಮಿತಿಯ ಸಭೆಯಲ್ಲಿ ಖರ್ಚು ಕಡಿಮೆ ಮಾಡುವ ಮಾತು ಬಂತು. ಆ ನಡಾವಳಿ ಪುಸ್ತಕ ಈಗಲೂ ಶಾಲೆಯಲ್ಲಿದೆ: "ವಾದ್ಯದವರ ಸಂಭಾವನೆ ಬಿಡಬಹುದು, ಟ್ರ್ಯಾಕ್ ಹಾಕಿದರೆ ಸಾಕು." ಅಕ್ಷರ ನನ್ನದು. ಸಲಹೆಯೂ ನನ್ನದೇ.

ಮೇಷ್ಟ್ರು ಬಂದರು. ಹಳೆಯದನ್ನೇನೂ ಎತ್ತಲಿಲ್ಲ. ಕಾಫಿ ಕುಡಿದು, ನೆಲದ ಮೇಲೆ ಕೂತು, ಬಿಲ್ಲಿಗೆ ರಾಳ ತಿಕ್ಕಿ, "ಮಗುವಿನ ಶ್ರುತಿ ಎಷ್ಟಮ್ಮ?" ಎಂದು ಕೇಳಿದರು. ಐದು ಎಂದೆ. ಹೆಡ್‌ಫೋನು ಕಿವಿಗಿಟ್ಟೆ; ಬೀಳ್ಕೊಡುವ ಭಾಗಕ್ಕೆ ನಾನು ಹಾಸಿದ್ದ ತಂತಿವಾದ್ಯಗಳ ಹಾಸು ಕೇಳಿದರು. ಮತ್ತೊಮ್ಮೆ ಹಾಕಿಸಿದರು.

"ಎಲ್ಲರೂ ಶುದ್ಧವಾಗಿ ನುಡಿಸ್ತಾರೆ. ಆದರೆ ಒಬ್ಬರು ನುಡಿಸೋದು ಇನ್ನೊಬ್ಬರಿಗೆ ಕೇಳಿಸ್ತಾ ಇಲ್ಲವಲ್ಲ?"

ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ, ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಮುದ್ರಿಸಿದ್ದಾರೆಂದು ವಿವರಿಸಿದೆ. ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಈ ಮಾತನ್ನು ಹೇಳಿರಲಿಲ್ಲ. "ನುಡಿಸಿದೋರಿಗೆ ದುಡ್ಡು ಕೊಟ್ಟಿದಾರಾ?" ಎಂಬುದು ಅವರ ಎರಡನೆಯ ಪ್ರಶ್ನೆ. "ಕೊಟ್ಟಿರ್ತಾರೆ ಮೇಷ್ಟ್ರೇ" ಎಂದೆ. "ಹಾಗಾದ್ರೆ ಸರಿ" ಎಂದರು. ನನಗೆ ಮಾತ್ರ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಅವರ ಮಾತಿನಂತೆ ಹಾಸಿನಲ್ಲಿದ್ದ ಗಾಂಧಾರಗಳನ್ನೆಲ್ಲ ಅಳಿಸಿದೆ. ಚೆಲ್ಲೊ, ಬಾಸುಗಳಿಗೆ ಷಡ್ಜ ಪಂಚಮ ಮಾತ್ರ ಉಳಿಸಿದೆವು. ಎಷ್ಟು ತೆಗೆದರೆ ಅಷ್ಟು ಚೆನ್ನಾಯಿತು. ಆ ಎರಡೇ ಸ್ವರದ ಮೇಲೆ ಡಿಸ್ಕವರ್ ಒಂದು ದೊಡ್ಡ ತಂಬೂರಿಯ ಹಾಗೆ ಗಂಭೀರವಾಗಿ ನಿಂತಿತು, ಅದರ ಉತ್ತಮ ಉಪಯೋಗ ಆಗಲೇ ಆದದ್ದೆಂದು ನನ್ನ ಅಭಿಪ್ರಾಯ. ತಾಳಕ್ಕೆಂದು ರೀಪರ್ ಕಿವಿಯಲ್ಲಿ ಹೊಡೆಯುವ ಟಿಕ್ ಟಿಕ್ ಮೇಷ್ಟ್ರಿಗೆ ಸೇರಲಿಲ್ಲ, ನಿಲ್ಲಿಸಿದೆ. ಮೊದಲ ಸಲ ನುಡಿಸಿದ್ದನ್ನು ಅಡುಗೆಮನೆಯ ಕುಕ್ಕರ್ ಕೆಡಿಸಿತು. ಎರಡನೆಯದನ್ನು ಅವರೇ ಬೇಡವೆಂದರು. ಮೂರನೆಯದು ಈಗಿರುವುದು. ಅದರಲ್ಲಿ ಒಂದು ಕಡೆ ಬಿಲ್ಲು ಸ್ವಲ್ಪ ಕಿರುಗುಟ್ಟಿದೆ. ತಮ್ಮನ ಮಗ ಬೆಂಗಳೂರಿನಿಂದಲೇ ಅದನ್ನು ಒರೆಸಿಕೊಡುತ್ತೇನೆಂದ; ನಾನು ಕಳಿಸಲಿಲ್ಲ.

ಕಾರ್ಯಕ್ರಮದ ದಿನ ಹುಲಿ ಬಂದಾಗ ಮುಂದಿನ ಸಾಲಿನ ಮಕ್ಕಳು ಕಿರುಚಿದರು, ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ಬೀಳ್ಕೊಡುವ ಹಾಡಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮರುವಾರ ಖರ್ಚಿನ ಪಟ್ಟಿಯಲ್ಲಿ "ಪಿಟೀಲು, ರೂ. 2500" ಎಂದು ಬರೆದುಕೊಟ್ಟೆ. "ಕಂಪ್ಯೂಟರಲ್ಲಿ ಪಿಟೀಲು ಇರಲಿಲ್ವಾ ಟೀಚರ್?" ಎಂದು ಲೆಕ್ಕ ನೋಡುವವರು ಕೇಳಿದರು. ಇತ್ತು ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಸಹಿ ಹಾಕಿದರು.

ಹಣ ಕೊಡಲು ಮೇಷ್ಟ್ರ ಮನೆಗೆ ಹೋದೆ. ಎಣಿಸದೆ ಜೇಬಿಗೆ ಹಾಕಿಕೊಂಡರು. ನಾನು ಹೊರಡುವಾಗ ಬಾಗಿಲವರೆಗೂ ಬಂದು, ಸ್ವಲ್ಪ ನಾಚಿಕೊಂಡು ಕೇಳಿದರು: "ಆ ಹುಲಿ ಬರುತ್ತಲ್ಲಮ್ಮ, ತುತ್ತೂರಿ, ನಗಾರಿ ಎಲ್ಲ. ಅದೊಂದನ್ನ ನನ್ನ ಮೊಮ್ಮಗನ ಫೋನಿಗೆ ಕಳಿಸ್ತೀರಾ?"

ಅಲ್ಲೇ ನಿಂತು ಕಳಿಸಿದೆ.